ಹೊಕ್ಕುಳ ಕೆಳಗೆ ಹಳೇ ಹೊಲಿಗೆ ಇದ್ದರೆ ಲ್ಯಾಪರೋಸ್ಕೋಪಿಯಲ್ಲಿ (ಸಣ್ಣ ತೂತಿನಿಂದ ಕ್ಯಾಮೆರಾ ಹಾಕಿ ಮಾಡುವ ಆಪರೇಷನ್) ಮೊದಲ ಪೋರ್ಟ್, ಅಂದರೆ ಕ್ಯಾಮೆರಾ ಹೋಗುವ ನಳಿಗೆ, ಎಲ್ಲಿ ಹಾಕ್ತೀರಿ?

ದಾವಣಗೆರೆಯಲ್ಲಿ ಸರ್ಜರಿ ಎಂ.ಎಸ್. ಮುಗಿಸಿ ಈಗ ಚಿತ್ರದುರ್ಗ ಜಿಲ್ಲೆಯ ತಾಲ್ಲೂಕು ಕೇಂದ್ರದಲ್ಲಿದ್ದೇನೆ. ಪಿತ್ತಕೋಶದ ಕಲ್ಲಿಗೆ ಬರುವ ಹೆಂಗಸರಲ್ಲಿ ಹೆರಿಗೆಯಾದ ಮೇಲೆ ಮಾಡಿಸಿದ ಟ್ಯುಬೆಕ್ಟಮಿಯ (ಸಂತಾನಹರಣ ಆಪರೇಷನ್) ಗುರುತು ಹೊಕ್ಕುಳ ಕೆಳಗೇ ಇರುತ್ತೆ. ಹೊಟ್ಟೆಗೆ ಗ್ಯಾಸ್ ತುಂಬುವ ವೆರೆಸ್ ಸೂಜಿ ಅಲ್ಲೇ ಹಾಕಲೋ, ಓಪನ್ (ಕಣ್ಣಿಗೆ ಕಾಣುವಂತೆ ಪದರ ಪದರ ಸೀಳಿ ಒಳಹೋಗುವುದು) ಮಾಡಲೋ? ಹಿರಿಯರು ಹೇಳಿ.

ದಾವಣಗೆರೆಯಿಂದ:
ಗುರುತಿನ ಜಾಗದಲ್ಲಿ ಕುರುಡಾಗಿ ಸೂಜಿ ಬೇಡ ಡಾಕ್ಟ್ರೇ. ಒಳಗೆ ಒಮೆಂಟಮ್ಮೋ (ಕರುಳಿನ ಮೇಲಿನ ಕೊಬ್ಬಿನ ಪರದೆ) ಕರುಳೋ ಅಂಟಿರಬಹುದು. ಹೊಕ್ಕುಳ ಮೇಲಂಚಿನಲ್ಲಿ ಓಪನ್ ಮಾಡಿ, 1971ರಲ್ಲಿ ಡಾ. ಹ್ಯಾಸನ್ ಹೇಳಿದ ರೀತಿ. ಚರ್ಮ 2 ಸೆಂ.ಮೀ. ಸೀಳಿ. ಹೊಕ್ಕುಳ ಬುಡವನ್ನು ಆಲಿಸ್ ಇಕ್ಕಳದಲ್ಲಿ ಹಿಡಿದು ಎತ್ತಿ. ಅದು ಲೀನಿಯಾ ಆಲ್ಬಾಗೆ (ಹೊಟ್ಟೆಯ ನಡುಗೆರೆಯ ಗಟ್ಟಿ ಪದರ) ಸೇರುವಲ್ಲಿ ಬಿಳೀ ಪಟ್ಟಿ ಕಾಣುತ್ತೆ. ದಪ್ಪ ಮೈಯವರಲ್ಲೂ ಅಲ್ಲಿ ಕೊಬ್ಬು ತೆಳು. ಅಲ್ಲೇ 1 ಸೆಂ.ಮೀ. ಸೀಳಿ, ಎರಡೂ ಅಂಚಿಗೆ ಎತ್ತಿ ಹಿಡಿಯಲು ಸ್ಟೇ ಹೊಲಿಗೆ ಹಾಕಿ. ಪೆರಿಟೋನಿಯಮ್ಮನ್ನು (ಹೊಟ್ಟೆಯ ಒಳಪೊರೆ) ಎರಡು ಆರ್ಟರಿ ಇಕ್ಕಳದಲ್ಲಿ ಹಿಡಿದು, ಒಂದನ್ನು ಬಿಟ್ಟು ಮತ್ತೆ ಹಿಡಿಯಿರಿ; ಸಿಕ್ಕಿಕೊಂಡ ಕರುಳು ಜಾರಿ ಹೋಗಲಿ. ಆಮೇಲೆ ಕತ್ತರಿಯಿಂದ ಕತ್ತರಿಸಿ, ಬೆರಳು ಹಾಕಿ ಸುತ್ತ ತಿರುಗಿಸಿ, ಮೊಂಡು ಟ್ರೋಕಾರ್ (ಪೋರ್ಟ್ ಕೂರಿಸುವ ಸಲಾಕೆ) ಹಾಕಿ. ಕೊನೆಗೆ ಅದೇ ಸ್ಟೇಯಿಂದ ಶೀತ್ (ಆ ಗಟ್ಟಿ ಪದರ) ಮುಚ್ಚಬಹುದು. 10 ಮಿ.ಮೀ. ರಂಧ್ರ ಮುಚ್ಚದೆ ಬಿಟ್ಟರೆ ಹರ್ನಿಯಾ.

ಓಪನ್‌ನಲ್ಲಿ ದೊಡ್ಡ ರಕ್ತನಾಳದ ಗಾಯ ಬಹಳ ಅಪರೂಪ. ಕರುಳಿನ ಗಾಯ ಮಾತ್ರ ಇದರಲ್ಲೂ ಆಗುತ್ತೆ, ಮೈಮರೆಯಬೇಡಿ.

ಚಿತ್ರದುರ್ಗದಿಂದ:
ಮಧ್ಯದಲ್ಲಿ ಉದ್ದನೆಯ ಹೊಲಿಗೆ ಇದ್ದರೆ ಸೂಜಿಗೆ ಪಾಮರ್ ಪಾಯಿಂಟ್ ಒಳ್ಳೇದು: ಎಡ ಮಿಡ್‌ಕ್ಲಾವಿಕ್ಯುಲರ್ ಗೆರೆಯಲ್ಲಿ (ಕೊರಳೆಲುಬಿನ ನಡುವಿನಿಂದ ನೇರ ಕೆಳಕ್ಕೆ), ಪಕ್ಕೆಲುಬಿನಂಚಿಗಿಂತ 3 ಸೆಂ.ಮೀ. ಕೆಳಗೆ. ಮೊದಲು ಮೂಗಿನಿಂದ ರೈಲ್ಸ್ ಟ್ಯೂಬ್ ಹಾಕಿ ಜಠರ ಖಾಲಿ ಮಾಡಿ. ಗುಲ್ಮ ಊದಿದ್ದರೆ, ಆ ಭಾಗದಲ್ಲಿ ಹಿಂದೆ ಆಪರೇಷನ್ ಆಗಿದ್ದರೆ ಅಲ್ಲಿ ಬೇಡ.

ಸೂಜಿ ಒಳಗೆ ಹೋಯ್ತಾ ಅನ್ನೋದಕ್ಕೆ ಹನಿ ಪರೀಕ್ಷೆಗಿಂತ (ಸೂಜಿ ಮೇಲೆ ಹನಿ ಬಿಟ್ಟು ಒಳಗೆ ಇಳಿಯುತ್ತಾ ನೋಡೋದು) ಗ್ಯಾಸ್ ತುಂಬುವ ಯಂತ್ರ ಇನ್ಸಫ್ಲೇಟರ್ ಮೇಲಿನ ಮೊದಲ ಒತ್ತಡವನ್ನು ನಂಬಿ. ನಿಮಿಷಕ್ಕೆ 1 ಲೀಟರ್ ಬಿಟ್ಟಾಗ 10 ಮಿ.ಮೀ. ಪಾದರಸದೊಳಗೆ ಇರಬೇಕು. ಶುರುವಿನಲ್ಲೇ 15 ತೋರಿಸಿ ಗ್ಯಾಸ್ ಹರಿಯದಿದ್ದರೆ ತುದಿ ಪೆರಿಟೋನಿಯಮ್ಮಿನ ಹೊರಗಿದೆ, ಇಲ್ಲಾ ಒಮೆಂಟಮ್ಮಿನಲ್ಲಿದೆ. ಆಗ ಸೂಜಿ ಅಲ್ಲಾಡಿಸಿ ನೋಡೋ ಅಭ್ಯಾಸ ಬಿಡಿ. ಸೂಜಿ ಮೊನೆಯಷ್ಟಿದ್ದ ತೂತು ಸೀಳಾಗುತ್ತೆ. ಎರಡು ಸಲ ಆಗಲಿಲ್ಲವೆಂದರೆ ಜಾಗ ಬದಲಿಸಿ, ಇಲ್ಲವೇ ಓಪನ್ ಮಾಡಿ.

ದಾವಣಗೆರೆಯಿಂದ ಇನ್ನೊಬ್ಬರು:
ಟೇಬಲ್ ಸಮತಟ್ಟಾಗಿರಲಿ, ತಲೆ ತಗ್ಗಿಸೋದು ಪೋರ್ಟ್ ಕೂತ ಮೇಲೆ. ಸಣಕಲು ಮೈಯವರಲ್ಲಿ ಹೊಕ್ಕುಳಕ್ಕೂ ಅಯೋರ್ಟಾಗೂ (ಮೈಯ ಮುಖ್ಯ ರಕ್ತನಾಳ) ನಡುವೆ ಕೆಲವೇ ಸೆಂ.ಮೀ. ಇರುತ್ತೆ. ಕ್ಯಾಮೆರಾ ಹೋದ ಕೂಡಲೇ ಪೋರ್ಟಿನ ನೇರ ಕೆಳಗೆ ನೋಡಿ. ಆಮೇಲೆ ಎರಡನೇ ಪೋರ್ಟಿನಿಂದ ಮೊದಲನೆಯದರ ಹಿಂಭಾಗ ನೋಡಿ, ಆರಪಾರ ತೂರಿದ ಕರುಳು ಅಲ್ಲಿಂದಲೇ ಕಾಣೋದು.

ಟ್ರೋಕಾರಿನಿಂದ ರಕ್ತ ಚಿಮ್ಮಿದರೆ ಅದನ್ನು ಕೀಳಬೇಡಿ. ತೂತಿಗೆ ಸದ್ಯಕ್ಕೆ ಅದೇ ಬಿರಡೆ. ಹಾಗೇ ಬಿಟ್ಟು ಹೊಟ್ಟೆ ತೆರೆಯಿರಿ, ರಕ್ತ ತರಿಸಿ. ಹೊಟ್ಟೆ ತೆರೆಯುವ ಲ್ಯಾಪರಾಟಮಿ ಸೆಟ್ ಮೊದಲೇ ಥಿಯೇಟರಿನೊಳಗೆ ಇರಲಿ, ಆಟೋಕ್ಲೇವ್ ಕೋಣೆಯಲ್ಲಲ್ಲ.