ಫ್ರಾಂಟಿಯರ್‌ಗೆ ಏನನ್ನೋಣ? ಗಡಿ, ಸೀಮೆ, ಸರಹದ್ದು, ಬದು

ಎಲ್ಲರಿಗೂ ನಮಸ್ಕಾರ.

ಒಂದು ಪದಕ್ಕೆ ಸಿಕ್ಕಿಹಾಕಿಕೊಂಡು ಕೂತಿದ್ದೇನೆ, ಕೈ ಹಿಡಿದು ಎಳೆಯಿರಿ. ಪದವಿ ಓದುವ ಮಕ್ಕಳಿಗೆ ರಾಜಕೀಯ ಭೂಗೋಳದ ಪಾಠವೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಆ ವಿಷಯದಲ್ಲಿ ಶುರುವಿಗೇ ಎದುರಾಗುವ ಜೋಡಿ ಬೌಂಡರಿ ಮತ್ತು ಫ್ರಾಂಟಿಯರ್. ಬೌಂಡರಿ ಅಂದರೆ ಗೆರೆ. ಅದಕ್ಕೆ ಉದ್ದ ಇದೆ, ಅಗಲ ಇಲ್ಲ. ಫ್ರಾಂಟಿಯರ್ ಅಂದರೆ ಪಟ್ಟಿಯಂಥ ನೆಲ. ಅದಕ್ಕೆ ಅಗಲ ಇದೆ, ಅದರೊಳಗೆ ಊರು, ಸಂತೆ, ದನಕರು ಎಲ್ಲಾ ಇರುತ್ತವೆ. ಒಬ್ಬ ದೊರೆಯ ಹಿಡಿತ ಸಡಿಲವಾಗುತ್ತಾ ಹೋಗಿ ಇನ್ನೊಬ್ಬನದು ಇನ್ನೂ ಬಿಗಿಯಾಗದ ಜಾಗ.

ಕನ್ನಡದಲ್ಲಿ ನಾವು ಎರಡಕ್ಕೂ ಗಡಿ ಅಂದುಬಿಡುತ್ತೇವೆ. ಸೀಮಾರೇಖೆ, ಸೀಮಾಪ್ರದೇಶ ಅಂತ ಬರೆದು ಮುಂದೆ ಹೋಗಬಹುದಿತ್ತು. ಮೊದಲ ಸಲ ಹಾಗೇ ಬರೆದೆ. ಆದರೆ ಸೀಮೆ ಅನ್ನೋದು ಬಲು ಜಾರುವ ಪದ. ಸಂಸ್ಕೃತದಲ್ಲಿ ಅದಕ್ಕೆ ಗೆರೆ, ಅಂಚು ಅನ್ನುವ ಅರ್ಥ. ದಸರೆಯ ಸೀಮೋಲ್ಲಂಘನದಲ್ಲಿ ಆ ಅರ್ಥ ಹಾಗೇ ಉಳಿದಿದೆ. ಬಯಲುಸೀಮೆ ಅಂದಾಗ ಅದು ಗೆರೆಯಲ್ಲ, ಒಂದು ಇಡೀ ಭಾಗ. ಇನ್ನು ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು, ಸೀಮೆಬದನೆ? ಇಲ್ಲಿ ಸೀಮೆ ಅಂದರೆ ಗೆರೆಯ ಆಚೆಗಿನದು, ಪರದೇಶದ್ದು. ತಮಿಳಿನಲ್ಲೂ ಹೀಗೇ ಆಗಿದೆ. ಗೆರೆ, ಗೆರೆಯ ಒಳಗಿನ ನೆಲ, ಗೆರೆಯ ಹೊರಗಿನ ನೆಲ, ಮೂರನ್ನೂ ಒಂದೇ ಪದ ಹೊತ್ತುಕೊಂಡಿದೆ. ಕತೆ ಹೇಳೋಕೆ ಸೊಗಸು, ಪರಿಭಾಷೆಗೆ ಕಷ್ಟ.

ಎಲ್ಲೆ ನಮ್ಮದೇ ಪದ, ತಮಿಳು ತೆಲುಗುಗಳಲ್ಲೂ ಇದೆ. ಆದರೆ ಅದು ಖಚಿತವಾಗಿ ಗೆರೆಯ ಕಡೆಗೇ ವಾಲುತ್ತದೆ. ಮೇರೆಯೂ ಅಷ್ಟೆ. ಇವೆರಡನ್ನೂ ಬೌಂಡರಿಯ ಪಾಲಿಗೆ ಬಿಡೋಣ.

ಹಾಗಾದರೆ ಫ್ರಾಂಟಿಯರ್‌ಗೆ ಗಡಿನಾಡು ಸಾಲದೇ ಅಂತ ನೀವು ಕೇಳಬಹುದು. ಕೇಳಲೇಬೇಕು, ಯಾಕಂದರೆ ಇಂಗ್ಲಿಷಿನಲ್ಲಿ ಫ್ರಾಂಟಿಯರ್ ಗಾಂಧಿ ಎನಿಸಿದ ಪಠಾಣರ ನಾಯಕ ಖಾನ್ ಅಬ್ದುಲ್ ಗಫಾರ್ ಖಾನರನ್ನು ಕನ್ನಡದವರು ಎಂದೋ ಗಡಿನಾಡ ಗಾಂಧಿ ಅಂತ ಕರೆದಿದ್ದಾರೆ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ನನ್ನ ತಕರಾರು ಶುರುವಾಗೋದು ಇಲ್ಲೇ.

ಆ ಹೆಸರಿನಲ್ಲಿರುವ ಫ್ರಾಂಟಿಯರ್, 1901ರಲ್ಲಿ ವೈಸ್‌ರಾಯ್ ಕರ್ಜನ್ ಪಂಜಾಬಿನಿಂದ ಬೇರೆ ಮಾಡಿದ ವಾಯವ್ಯ ಗಡಿ ಪ್ರಾಂತ್ಯದ್ದು. ಅದಕ್ಕೂ ಮೊದಲು, 1893ರಲ್ಲಿ, ಬ್ರಿಟಿಷ್ ಅಧಿಕಾರಿ ಮಾರ್ಟಿಮರ್ ಡುರಾಂಡ್ ಅಫ್ಘಾನಿಸ್ತಾನದ ದೊರೆ, ಕಾಬೂಲಿನ ಅಮೀರ ಅಬ್ದುರ್ ರಹಮಾನನ ಜೊತೆ ಒಪ್ಪಂದ ಮಾಡಿಕೊಂಡು ಇಬ್ಬರ ನೆಲಗಳ ನಡುವಿನ ಡುರಾಂಡ್ ಗೆರೆಗೆ ಸಹಿ ಹಾಕಿಸಿದ್ದ. ಆದರೆ ಬ್ರಿಟಿಷರ ಕಾನೂನು ಆ ಗೆರೆಯವರೆಗೆ ಹೋಗಿ ಮುಟ್ಟುತ್ತಿರಲಿಲ್ಲ. ಪೆಶಾವರದ ಕಡೆಯ ಜಿಲ್ಲೆಗಳು ಮುಗಿದಲ್ಲಿ ಕಂದಾಯ, ಕೋರ್ಟು, ಪೊಲೀಸ್ ಎಲ್ಲಾ ನಿಲ್ಲುತ್ತಿದ್ದವು. ಅಲ್ಲಿಂದ ಡುರಾಂಡ್ ಗೆರೆಯವರೆಗಿನ ಗುಡ್ಡಗಾಡಿನ ಪಟ್ಟಿಯಲ್ಲಿ ಪಠಾಣರ ಪಂಗಡಗಳು ತಮ್ಮ ಕಟ್ಟಳೆಯಂತೆ ಬದುಕುತ್ತಿದ್ದವು. ಆ ಪಟ್ಟಿ ಇದೆಯಲ್ಲ, ಅದೇ ಫ್ರಾಂಟಿಯರ್. ಪಾಕಿಸ್ತಾನ ಬಂದ ಮೇಲೂ ಅದಕ್ಕೆ ಬೇರೆಯದೇ ಆಡಳಿತ ಇತ್ತು. 2018ರಲ್ಲಷ್ಟೇ ಅದನ್ನು ಪ್ರಾಂತ್ಯದೊಳಕ್ಕೆ ಸೇರಿಸಿದರು. ಅಷ್ಟು ಹೊತ್ತಿಗೆ ಪ್ರಾಂತ್ಯದ ಹೆಸರಿನಿಂದ ಗಡಿ ಬಿಟ್ಟುಹೋಗಿ ಎಂಟು ವರ್ಷ ಆಗಿತ್ತು.

ಈಗ ನಮ್ಮ ಗಡಿನಾಡನ್ನು ನೋಡಿ. ನಾವು ಗಡಿನಾಡು ಕಾಸರಗೋಡು ಅನ್ನುತ್ತೇವೆ, ಗಡಿನಾಡ ಕನ್ನಡಿಗರು ಅನ್ನುತ್ತೇವೆ. ಕಾಸರಗೋಡು 1956ರಲ್ಲಿ ಕೇರಳಕ್ಕೆ ಹೋಯಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಲಿ ಅಂತ ಗಡಿ ವಿವಾದ ನೋಡಲು ನೇಮಿಸಿದ್ದ ಮಹಾಜನ ಆಯೋಗ 1967ರಲ್ಲಿ ಹೇಳಿತು. ವಾದ ನಡೆದದ್ದು ಗೆರೆ ಹೊಳೆಯ ಮೇಲೆ ಬರಬೇಕೋ ಇನ್ನೂ ಉತ್ತರಕ್ಕೆ ಬರಬೇಕೋ ಅನ್ನುವುದರ ಬಗ್ಗೆ. ಅಲ್ಲಿ ಸರ್ಕಾರ ಸಡಿಲ ಇರಲಿಲ್ಲ, ಕಾನೂನು ನಿಂತಿರಲಿಲ್ಲ. ಅಂದರೆ ನಮ್ಮ ಬಾಯಲ್ಲಿ ಗಡಿನಾಡು ಎಂದರೆ ಗೆರೆಗೆ ತಾಗಿಕೊಂಡ ಸೀಮೆ, ಜಾಸ್ತಿ ಸಲ ಗೆರೆಯ ತಪ್ಪು ಬದಿಗೆ ಬಿದ್ದ ಸೀಮೆ. ಮೊದಲು ಗೆರೆ, ಆಮೇಲೆ ಗಡಿನಾಡು. ಫ್ರಾಂಟಿಯರ್ ಹಾಗಲ್ಲ. ಗೆರೆ ಇಲ್ಲದೆಯೂ ಅದು ಇರಬಲ್ಲದು. ಹಳೆಯ ಕಾಲದಲ್ಲಂತೂ ಗೆರೆ ಇಲ್ಲದಿದ್ದರಿಂದಲೇ ಇರುತ್ತಿತ್ತು.

ಇನ್ನೊಂದು ತಮಾಷೆ. ಉರ್ದುವಿನಲ್ಲಿ ಆ ಪ್ರಾಂತ್ಯವನ್ನು ಸರಹದ್ ಅನ್ನುತ್ತಿದ್ದರು. ಗಫಾರ್ ಖಾನರು ಸರಹದ್ದೀ ಗಾಂಧಿ. ಅದೇ ಪದ ಕನ್ನಡಕ್ಕೂ ಬಂತು, ಬಂದು ಪೊಲೀಸ್ ಠಾಣೆಗೆ ಸೇರಿಕೊಂಡಿತು! ಇವತ್ತು ಸರಹದ್ದು ಅಂದರೆ ‘ಇದು ನಮ್ಮ ಠಾಣೆಯ ಸರಹದ್ದಿಗೆ ಬರೋಲ್ಲ’ ಅನ್ನುವ ಮಾತೇ ನೆನಪಾಗೋದು. ಹಿಂದೂಕುಷ್ ಕಣಿವೆಗಳಷ್ಟು ಅಗಲ ಇದ್ದ ಪದ ಒಂದು ಠಾಣೆಯಷ್ಟಾಯಿತು. ಆದ್ದರಿಂದ ಅದೂ ಕೈಗೆ ಸಿಗುವಂತಿಲ್ಲ.

ನನಗೆ ಹೊಳೆದ ಒಂದು ಪದ ಬದು. ನಗಬೇಡಿ. ಎರಡು ಹೊಲಗಳ ನಡುವೆ ಬದು ಇರುತ್ತದೆ, ಅದಕ್ಕೆ ಅಗಲ ಇರುತ್ತದೆ. ಅದರ ಮೇಲೆ ಹುಲ್ಲು ಬೆಳೆಯುತ್ತದೆ, ಒಂದೋ ಎರಡೋ ಬೇವಿನ ಮರ ಇರುತ್ತವೆ. ಇಬ್ಬರ ದನವೂ ಮೇಯುತ್ತವೆ, ಊರವರೆಲ್ಲ ಅದರ ಮೇಲೇ ಓಡಾಡುತ್ತಾರೆ. ವರ್ಷ ವರ್ಷ ಆ ಕಡೆಯವನು ನೇಗಿಲಲ್ಲಿ ಒಂದು ಸಾಲು ಕೆರೆಯುತ್ತಾನೆ, ಈ ಕಡೆಯವನು ಸುಮ್ನೆ ಇರ್ತಾನಾ? ಅವನೂ ಕೆರೆಯುತ್ತಾನೆ. ಹತ್ತು ವರ್ಷಕ್ಕೆ ಬದು ತೆಳ್ಳಗಾಗಿ ಗೆರೆ ಆಗುತ್ತದೆ, ಆಮೇಲೆ ಜಗಳ. ಫ್ರಾಂಟಿಯರ್ ಬೌಂಡರಿ ಆಗೋದು ಹೇಗೆ ಅಂತ ಇದಕ್ಕಿಂತ ಚೆನ್ನಾಗಿ ಯಾವ ಪಾಠ ಹೇಳುತ್ತದೆ? ಆದರೆ ಬದುನಾಡು ಅಂತ ಬರೆದರೆ ಕಿವಿಗೆ ಒಗ್ಗುತ್ತಿಲ್ಲ.

ಇನ್ನೊಂದು, ಎಡೆನಾಡು. ಕೃಷ್ಣಾ ತುಂಗಭದ್ರೆಗಳ ನಡುವಿನ ರಾಯಚೂರಿನ ನೆಲವನ್ನು ಶಾಸನಗಳು ಎಡೆದೊರೆ ಅನ್ನುತ್ತವೆ. ಎರಡು ತೊರೆಗಳ ಎಡೆ. ಬಹಮನಿಗಳೂ ಆಮೇಲೆ ಬಿಜಾಪುರದ ಆದಿಲ್ ಶಾಹಿಗಳೂ ವಿಜಯನಗರದವರ ಜೊತೆ ಸುಮಾರು ಎರಡು ನೂರು ವರ್ಷ ಕಿತ್ತಾಡಿದ ಫ್ರಾಂಟಿಯರ್ ಅದೇ ತಾನೆ? ಮುದುಗಲ್ಲು, ರಾಯಚೂರು ಕೋಟೆಗಳು ಎಷ್ಟು ಸಲ ಕೈ ಬದಲಾದವು! ಎಡೆ ಪದಕ್ಕೆ ‘ನಡುವೆ’ ಅನ್ನುವ ಅರ್ಥ ಇದೆ, ಜಾಗ ಅನ್ನುವ ಅರ್ಥವೂ ಇದೆ. ನನ್ನ ಮನಸ್ಸು ಸದ್ಯಕ್ಕೆ ಈ ಕಡೆ ವಾಲಿದೆ. ತೊಡಕು ಒಂದೇ: ಅಮೆರಿಕದವರ ಫ್ರಾಂಟಿಯರ್. ಅಲ್ಲಿನ ಇತಿಹಾಸಕಾರ ಫ್ರೆಡರಿಕ್ ಟರ್ನರ್ ಅದರ ಬಗ್ಗೆ ಮಾತಾಡಿದ್ದೂ 1893ರಲ್ಲೇ, ಡುರಾಂಡ್ ಸಹಿ ಹಾಕಿಸಿದ ವರ್ಷವೇ. ಅವನ ಫ್ರಾಂಟಿಯರ್ ಇಬ್ಬರ ನಡುವಿನದಲ್ಲ, ವಲಸೆ ಹೋದವರು ಪಶ್ಚಿಮಕ್ಕೆ ತಳ್ಳುತ್ತಾ ಹೋದ ಮುಂಚೂಣಿ. ಅಲ್ಲಿ ಮೊದಲೇ ಇದ್ದ ಜನರನ್ನು ಲೆಕ್ಕಕ್ಕೆ ಹಿಡಿದರೆ ಅದೂ ಎಡೆನಾಡೇ, ಅದು ಬೇರೆ ಮಾತು.

ಈಗ ಎರಡನೆಯ ಪ್ರಶ್ನೆ. ಗೆರೆ ಹುಟ್ಟುವುದರಲ್ಲಿ ಎರಡು ಹಂತ ಇವೆ: ಡಿಲಿಮಿಟೇಷನ್, ಡಿಮಾರ್ಕೇಷನ್. ಮೊದಲನೆಯದು ಗೆರೆಯನ್ನು ಒಪ್ಪಂದದಲ್ಲಿ ಬರೆಯೋದು, ನಕ್ಷೆಯಲ್ಲಿ ಎಳೆಯೋದು. ಎರಡನೆಯದು ನೆಲದ ಮೇಲೆ ಕಲ್ಲು ನೆಡೋದು. ಮೊದಲನೆಯದಕ್ಕೆ ಪುನರ್ವಿಂಗಡಣೆ ಅನ್ನೋಣ ಅಂದರೆ ಅದನ್ನು ಚುನಾವಣಾ ಕ್ಷೇತ್ರಗಳು ಹಿಡಿದುಕೊಂಡಿವೆ. ಆದರೆ ಕ್ರಯಪತ್ರ ಬಿಚ್ಚಿ ನೋಡಿ: ‘ಚಕ್ಕುಬಂದಿ: ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ರಸ್ತೆ...’ ಇದೇ ಡಿಲಿಮಿಟೇಷನ್. ಸರ್ವೆಯವರು ಬಂದು ಅಳೆದು ಬಾಂದು ಕಲ್ಲು ತೋರಿಸಿಕೊಡೋದು ಹದ್ದುಬಸ್ತು. ಅದೇ ಡಿಮಾರ್ಕೇಷನ್. ಪದಗಳು ತಾಲ್ಲೂಕು ಕಚೇರಿಯಲ್ಲಿ ಜೀವಂತ ಇವೆ, ನಾವು ನಿಘಂಟಿನಲ್ಲಿ ಹುಡುಕುತ್ತಿದ್ದೇವೆ.

ಸಿಯಾಚಿನ್ ಜಗಳವನ್ನು ಈ ಪದಗಳಲ್ಲಿ ಹೇಳಿ ನೋಡಿದೆ. 1949ರ ಕರಾಚಿ ಒಪ್ಪಂದದಲ್ಲಿ ಕಾಶ್ಮೀರದಲ್ಲಿ ಭಾರತ ಪಾಕಿಸ್ತಾನಗಳ ನಡುವಿನ ಕದನವಿರಾಮ ರೇಖೆಯ ಚಕ್ಕುಬಂದಿ ಬರೆದರು. ಕೊನೆಯ ತುದಿಯಿಂದ ಆಚೆಗೆ ‘ಅಲ್ಲಿಂದ ಉತ್ತರಕ್ಕೆ ಹಿಮನದಿಗಳ ಕಡೆಗೆ’ ಅಂತ ಬರೆದು ಬಿಟ್ಟರು. ಆ ತುದಿಗೆ ನಕ್ಷೆಯಲ್ಲಿ ಎನ್‌ಜೆ 9842 ಅನ್ನುವ ಗುರುತು. ಅದರಾಚೆ ಹದ್ದುಬಸ್ತು ಆಗಲೇ ಇಲ್ಲ. 1984ರಲ್ಲಿ ನಮ್ಮ ಸೇನೆ ಸಿಯಾಚಿನ್ ಹತ್ತಬೇಕಾಯಿತು. ಹಳ್ಳಿಯಿಂದ ಬಂದ ಹುಡುಗರಿಗೆ ಒಂದೇ ಏಟಿಗೆ ಅರ್ಥ ಆಗುತ್ತೆ, ಅಲ್ವಾ?

ಅದೇ ಗೆರೆ ಸ್ವಲ್ಪ ಬದಲಾಗಿ 1972ರ ಸಿಮ್ಲಾ ಒಪ್ಪಂದದ ನಂತರ ಎಲ್‌ಒಸಿ ಆಯಿತು. ನಮ್ಮ ಪತ್ರಿಕೆಗಳು ಅದನ್ನು ಗಡಿ ನಿಯಂತ್ರಣ ರೇಖೆ ಅಂತ ಬರೆಯುತ್ತವೆ. ಈ ಗಡಿ ಎಲ್ಲಿಂದ ಬಂತು? ಅದು ಗಡಿ ಅಲ್ಲ ಅನ್ನೋದಕ್ಕೇ ಅಲ್ಲವೇ ಅದಕ್ಕೆ ನಿಯಂತ್ರಣ ರೇಖೆ ಅನ್ನುವ ಹೆಸರು? ಗಡಿ ಅಂತ ಒಪ್ಪಿಕೊಂಡರೆ ಗೆರೆಯಾಚೆಯದು ಅವರದು ಅಂತ ಬರೆದುಕೊಟ್ಟ ಹಾಗೆ. ಸುದ್ದಿಮನೆಯಲ್ಲಿರುವ ಗೆಳೆಯರು ದಯವಿಟ್ಟು ಆ ಒಂದು ಪದ ತೆಗೆದುಹಾಕಿ. ಜಾಗವೂ ಉಳಿಯುತ್ತದೆ.

ಸ್ಟೇಟ್ ಅನ್ನುವುದಕ್ಕೆ ಬಳಸುವ ರಾಜ್ಯ ಪದದ ಗೋಳು ಬೇರೆಯೇ ಇದೆ. ‘ರಾಜ್ಯಕ್ಕೆ ಪರಮಾಧಿಕಾರ ಇರಬೇಕು’ ಅಂತ ಪಾಠದಲ್ಲಿ ಬಂದ ಕೂಡಲೇ ‘ಹಾಗಾದ್ರೆ ಕರ್ನಾಟಕಕ್ಕೆ ಇದೆಯಾ ಸಾರ್?’ ಅಂತ ಹಿಂದಿನ ಬೆಂಚಿನಿಂದ ಬರುತ್ತದೆ. ಅದನ್ನು ಇನ್ನೊಂದು ದಿನ ಎತ್ತುತ್ತೇನೆ.

ಸದ್ಯಕ್ಕೆ ಕೇಳೋದು ಇಷ್ಟು. ಎಡೆನಾಡು ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? ಚಕ್ಕುಬಂದಿ, ಹದ್ದುಬಸ್ತು ದೇಶದ ಮಟ್ಟಕ್ಕೆ ಏರಿದರೆ ಓದುವವರು ನಗುತ್ತಾರಾ? ಕಲಬುರಗಿ, ಬೀದರ್ ಕಡೆಯವರು, ಕರಾವಳಿಯವರು ಬದುವಿಗೆ, ಎರಡು ಊರಿನ ನಡುವೆ ಯಾರದ್ದೂ ಅಲ್ಲದ ನೆಲಕ್ಕೆ ಏನಂತೀರಿ? ಅಜ್ಜ ಅಜ್ಜಿಯ ಬಾಯಲ್ಲಿ ಕೇಳಿದ್ದಿದ್ದರೆ ಇನ್ನೂ ಒಳ್ಳೆಯದು. ಊರಿನ ಹೆಸರನ್ನೂ ಜೊತೆಗೆ ಬರೆಯಿರಿ.