ಸಹಾಯ ಬೇಕು: ತಿಂಗಳ ಮೊದಲ ಭಾನುವಾರದ ಬ್ಯಾಕಪ್‌ಗೆ ಕ್ರಾನ್ ಸಾಕೇ, ಸಿಸ್ಟಮ್‌ಡಿ ಟೈಮರ್ ಬೇಕೇ?

ನಮಸ್ಕಾರ. ಕ್ರಾನ್, ಸಿಸ್ಟಮ್‌ಡಿ ಟೈಮರ್ ಎರಡೂ ಲಿನಕ್ಸ್‌ನಲ್ಲಿ ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಸಾಧನಗಳು. ನನ್ನದು ಉಬುಂಟು (ಲಿನಕ್ಸ್) ಸರ್ವರ್, ಗಡಿಯಾರ ಯುಟಿಸಿಯಲ್ಲಿದೆ (ಭಾರತೀಯ ಕಾಲಮಾನಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ). ಮೈಎಸ್‌ಕ್ಯೂಎಲ್ ಡೇಟಾಬೇಸ್‌ನ ಬ್ಯಾಕಪ್ ಪ್ರತಿ ತಿಂಗಳ ಮೊದಲ ಭಾನುವಾರ ಭಾರತೀಯ ಕಾಲಮಾನ ಬೆಳಗಿನ ಜಾವ 2:30ಕ್ಕೆ ಓಡಬೇಕು.

ಕ್ರಾನ್‌ಟ್ಯಾಬ್‌ನಲ್ಲಿ (ಕ್ರಾನ್ ಓದುವ ವೇಳಾಪಟ್ಟಿ) "30 2 1-7 * 0" ಎಂದು ಬರೆದರೆ ಆಗದು. ಈ ಐದು ಜಾಗಗಳು ಕ್ರಮವಾಗಿ ನಿಮಿಷ, ಗಂಟೆ, ತಾರೀಖು, ತಿಂಗಳು, ವಾರ (0 ಭಾನುವಾರ, 6 ಶನಿವಾರ); * ಅಂದರೆ ಯಾವುದಾದರೂ ಸರಿ. ತಾರೀಖು, ವಾರ ಎರಡನ್ನೂ ಕೊಟ್ಟಾಗ ಕ್ರಾನ್ ಅವನ್ನು "ಅಥವಾ" ಎಂದೇ ಓದುತ್ತದೆ. 1ರಿಂದ 7ರವರೆಗೆ ದಿನವೂ, ಜೊತೆಗೆ ಎಲ್ಲಾ ಭಾನುವಾರವೂ ಓಡುತ್ತದೆ. ಮೇಲಾಗಿ ನಮ್ಮ 2:30 ಅಂದರೆ ಯುಟಿಸಿಯಲ್ಲಿ ಹಿಂದಿನ ದಿನದ 21:00. ಹಾಗಾಗಿ ಸದ್ಯಕ್ಕೆ "0 21 * * 6" ಇದೆ. ಕೋಲ್ಕತಾ ಕಾಲವಲಯದ (ಅಂದರೆ ಭಾರತೀಯ ಕಾಲಮಾನದ) ತಾರೀಖು 7 ಮೀರಿದ್ದರೆ ಬ್ಯಾಕಪ್ ಸ್ಕ್ರಿಪ್ಟ್ ತಾನೇ ನಿಲ್ಲುತ್ತದೆ. (ಈ ಪರೀಕ್ಷೆಯನ್ನು ಕ್ರಾನ್ ಸಾಲಿನಲ್ಲೇ ಬರೆಯುವವರು ತಾರೀಖು ಕೇಳುವ ಕಮಾಂಡಿನ ಪ್ರತಿ % ಚಿಹ್ನೆಗೆ ಮೊದಲು ಬ್ಯಾಕ್‌ಸ್ಲ್ಯಾಷ್ ಹಾಕಲೇಬೇಕು. ಇಲ್ಲದಿದ್ದರೆ ಕ್ರಾನ್ ಅದನ್ನು ಹೊಸ ಸಾಲು ಎಂದುಕೊಂಡು ಕಮಾಂಡನ್ನು ಅಲ್ಲೇ ಕತ್ತರಿಸುತ್ತದೆ.)

ತೊಂದರೆ ಇಷ್ಟು: ಆ ಹೊತ್ತಿಗೆ ಸರ್ವರ್ ಆಫ್ ಆಗಿದ್ದರೆ ಇಡೀ ತಿಂಗಳ ಬ್ಯಾಕಪ್ ತಪ್ಪಿಹೋಗುತ್ತದೆ. ಸಿಸ್ಟಮ್‌ಡಿ ಟೈಮರ್‌ನಲ್ಲಿ ಕಾಲವಲಯವನ್ನೂ ಬರೆಯಬಹುದು, "ಪರ್ಸಿಸ್ಟೆಂಟ್" ಆನ್ ಮಾಡಿದರೆ ತಪ್ಪಿದ ಕೆಲಸ ಬೂಟ್ ಆದ ಮೇಲೆ ಓಡುತ್ತದೆ. ಆದರೆ ಆಗ ಮೈಎಸ್‌ಕ್ಯೂಎಲ್ ಎದ್ದಿರಬೇಕಲ್ಲ? ಸರ್ವಿಸ್ ಫೈಲ್‌ನಲ್ಲಿ (ಟೈಮರ್ ಓಡಿಸಬೇಕಾದ ಕೆಲಸವನ್ನು ಬರೆಯುವ ಫೈಲ್) "ಆಫ್ಟರ್" (ಯಾವುದರ ನಂತರ ಓಡಬೇಕು ಎಂಬ ಕ್ರಮ) ಸಾಲೊಂದೇ ಸಾಕೇ, "ರಿಕ್ವೈರ್ಸ್" (ಯಾವುದು ಇರಲೇಬೇಕು ಎಂಬ ಅವಲಂಬನೆ) ಕೂಡ ಸೇರಿಸಬೇಕೇ? ಬಳಸುತ್ತಿರುವವರು ತಮ್ಮ ಟೈಮರ್, ಸರ್ವಿಸ್ ಎರಡೂ ಫೈಲ್ ಇಲ್ಲಿ ಹಾಕಿದರೆ ದೊಡ್ಡ ಉಪಕಾರ.