‘ಅರಿವಳಿಕೆ’ಯಲ್ಲಿ ಅಳಿಯುವುದು ಯಾವ ಅರಿವು?

ಗೆಳೆಯರೆ, ನಮಸ್ಕಾರ.

ನಾಯಿ, ಬೆಕ್ಕು ಸಾಕಿದವರು ಆಪರೇಷನ್‌ಗೆ ಮುಂಚೆ ಓದಿಕೊಳ್ಳಲು ಎರಡು ಪುಟ ಮಾಹಿತಿ ಬರೆಯುತ್ತಿದ್ದೇನೆ. ಮೊದಲ ಸಾಲಿನಲ್ಲೇ ಸಿಕ್ಕಿಕೊಂಡೆ. ಅನಸ್ತೇಶಿಯಾಗೆ ನಮ್ಮಲ್ಲಿ ‘ಅರಿವಳಿಕೆ’ ಇದೆ. ಅರಿವು, ಅಳಿಕೆ. ಚೆಂದದ ಪದ. ಆದರೆ ಯಾವ ಅರಿವು?

ಹಲ್ಲು ಕೀಳುವಾಗ ವಸಡಿಗೆ ಕೊಡುವ ಇಂಜೆಕ್ಷನ್ನಿಗೂ ‘ಸ್ಥಳೀಯ ಅರಿವಳಿಕೆ’ ಅನ್ನುತ್ತೇವೆ. ಅಲ್ಲಿ ಎಚ್ಚರ ತಪ್ಪುವುದಿಲ್ಲ, ಆ ಜಾಗ ಮರಗಟ್ಟುತ್ತದೆ ಅಷ್ಟೆ. 1846ರಲ್ಲಿ ಆಪರೇಷನ್‌ಗೆ ಮುಂಚೆ ಈಥರ್ ಆವಿ ಉಸಿರಾಡಿಸುವುದಕ್ಕೆ ಅಮೆರಿಕದ ವೈದ್ಯ, ಲೇಖಕ ಆಲಿವರ್ ವೆಂಡೆಲ್ ಹೋಮ್ಸ್ ಸೂಚಿಸಿದ ‘ಅನಸ್ತೇಶಿಯಾ’ ಎಂಬ ಗ್ರೀಕ್ ಮೂಲದ ಪದಕ್ಕೂ ‘ಸ್ಪರ್ಶ, ನೋವು ತಿಳಿಯದಿರುವುದು’ ಎಂಬ ಅರ್ಥವೇ ಇದೆ. ಕನ್ನಡದ ‘ಅರಿವು’ ನೋವಿಗೂ ಸಲ್ಲುತ್ತದೆ, ಎಚ್ಚರಕ್ಕೂ ಸಲ್ಲುತ್ತದೆ. ಓದುವವರಿಗೆ ಮೊದಲು ಹೊಳೆಯುವುದು ಮಾತ್ರ ಎಚ್ಚರವೇ, ಅಲ್ವಾ?

ಇದು ಸುಮ್ನೆ ಪದದ ಜಗಳವಲ್ಲ. ಅಸೆಪ್ರೊಮಜಿನ್ ಕೊಟ್ಟ ನಾಯಿ ತೂಕಡಿಸುತ್ತಾ ತೆಪ್ಪಗೆ ಮಲಗಿರುತ್ತದೆ, ಆದರೆ ಆ ಮದ್ದು ನೋವು ತಗ್ಗಿಸುವುದಿಲ್ಲ. ಅರಿವಳಿಕೆಗೆ ಕೆಟಮಿನ್ ಎಂಬ ಮದ್ದು ಕೊಟ್ಟ ಬೆಕ್ಕು ಎಚ್ಚರ ತಪ್ಪಿದ್ದರೂ ಕಣ್ಣು ಬಿಟ್ಟುಕೊಂಡೇ ಇರುತ್ತದೆ. ಕಣ್ಣು ಒಣಗದಿರಲಿ ಎಂದು ಮುಲಾಮು ಹಾಕುತ್ತಾರೆ. ನೋಡಿದ ಮಾಲೀಕರು “ಎಚ್ಚರ ಇದೆಯಲ್ಲ ಡಾಕ್ಟ್ರೇ!” ಎಂದು ಗಾಬರಿಯಾಗುತ್ತಾರೆ. (‘ಮಾಲೀಕ’ ಕೂಡ ನನಗೆ ಹಿಡಿಸದ ಪದ. ಅದು ಇನ್ನೊಂದು ದಿನಕ್ಕಿರಲಿ.) ಮೊದಲನೆಯದಕ್ಕೆ ‘ಮಂಪರು’ ಎಂದು ಬರೆದುಕೊಂಡಿದ್ದೇನೆ. ಎರಡನೆಯದಕ್ಕೆ ‘ಅರಿವಳಿಕೆ’ಯೇ ಇರಲಿ, ಆದರೆ ಕಣ್ಣಿನ ವಿಷಯ ಬಿಡಿಸಿ ಹೇಳಲೇಬೇಕು.

ಇನ್ನೊಂದು ತೊಡಕು ‘ರಿಕವರಿ’. ‘ಚೇತರಿಕೆ’ ಎಂದರೆ ಹೊಲಿಗೆ ಮಾಯುವ ಹತ್ತು ದಿನ ಮನಸ್ಸಿಗೆ ಬರುತ್ತದೆ. ನಾನು ಹೇಳಬೇಕಾದ್ದು ಆಪರೇಷನ್ ಮುಗಿದ ಮೊದಲ ಮೂರು ಗಂಟೆಯ ಬಗ್ಗೆ. ಉಸಿರಾಟಕ್ಕೆಂದು ಗಂಟಲೊಳಗೆ ಹಾಕಿದ್ದ ಕೊಳವೆ ತೆಗೆದಿರುತ್ತಾರೆ, ಮೈ ತಣ್ಣಗಾಗಿರುತ್ತದೆ. ಬೆಚ್ಚಗೆ ಹೊದಿಸಿ, ಯಾರಾದರೂ ಪಕ್ಕದಲ್ಲೇ ಕೂತು ಉಸಿರಾಟ ನೋಡುತ್ತಿರಬೇಕು. ಆಪರೇಷನ್ ಮುಗಿಯಿತಲ್ಲ ಎಂದು ಎಲ್ಲರೂ ನಿರಾಳವಾಗುವ ಆ ಹೊತ್ತಿನಲ್ಲೇ ಅಪಾಯ ಜಾಸ್ತಿ. ‘ಎಚ್ಚರ ಮರಳುವ ಹೊತ್ತು’ ಎಂದು ಬರೆದೆ. ಉದ್ದವಾಯಿತು, ಆದರೆ ತಪ್ಪು ದಾರಿ ಹಿಡಿಸುವುದಿಲ್ಲ.

ಅರಿವಳಿಕೆಯಲ್ಲಿ ವಾಂತಿಯಾಗದಿರಲಿ ಎಂದು ಮುಂಚೆ ಊಟ ನಿಲ್ಲಿಸುವುದಕ್ಕೆ ‘ಉಪವಾಸ’ ಎಂದು ಬರೆದಿದ್ದನ್ನು ತೆಗೆದು ‘ಖಾಲಿ ಹೊಟ್ಟೆ’ ಮಾಡಿದೆ. ವ್ರತದ ವಾಸನೆ ಬೇಡ ಅನ್ನಿಸಿತು. ಮೊಲಕ್ಕಂತೂ ಎರಡೂ ಬೇಡ. ಅದಕ್ಕೆ ವಾಂತಿಯೇ ಆಗದು, ಹೊಟ್ಟೆ ಬರಿದಾದರೆ ಕರುಳಿನ ಚಲನೆ ನಿಧಾನವಾಗುತ್ತದೆ.

ಉಳಿದದ್ದು ಒಂದೇ. ಒಂದು ಜಾಗಕ್ಕಷ್ಟೇ ಕೊಡುವುದನ್ನು ಏನನ್ನೋಣ? ‘ಮರಗಟ್ಟಿಸುವುದು’ ಅಂದರೆ ಚಳಿಗೆ ಸೆಟೆದ ಬೆರಳು ನೆನಪಾಗುತ್ತದೆ. ‘ಜೋಮು ಹಿಡಿಸುವುದು’ ಅಂದರೆ ನಗುತ್ತೀರಾ?